ಫೋಟೊದಲ್ಲಿ ಕಾಣದ ಕೈ

ನಮ್ಮ ತಿಪಟೂರು ಸೀಮೆಯಲ್ಲಿ ಮಗುವಿನ ಮೊದಲ ಫೋಟೊ ಯಾವತ್ತು ತೆಗೆಸಬೇಕು ಅನ್ನುವುದನ್ನು ಮಗುವೇ ತೀರ್ಮಾನಿಸುತ್ತಿತ್ತು. ಅದು ಬೋರಲು ಬೀಳಬೇಕು. ಬಿದ್ದು, ಕತ್ತೆತ್ತಿ, ಸ್ವಲ್ಪ ಹೊತ್ತು ಹಾಗೇ ಇರಬೇಕು. ನಾಲ್ಕೋ ಐದೋ ತಿಂಗಳಿಗೆ ಕುತ್ತಿಗೆಗೆ ಆ ಕಸುವು ಬರುತ್ತದೆ. ಬಾಣಂತಿ ತವರಿನಿಂದ ಗಂಡನ ಮನೆಗೆ ಹೊರಡುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ, ಮೂರನೇ ತಿಂಗಳಲ್ಲಿ ಇಲ್ಲವೇ ಐದನೇ ತಿಂಗಳಲ್ಲಿ. ಹಾಗಾಗಿ ಬಸ್ಸು ಹತ್ತುವ ಮುಂಚೆ ಸ್ಟುಡಿಯೋ ಮೆಟ್ಟಿಲು ಹತ್ತುವುದು ವಾಡಿಕೆಯಾಗಿಬಿಟ್ಟಿತ್ತು. ನಮ್ಮಪ್ಪನ ಸ್ಟುಡಿಯೋಗೆ ಇಂಥ ಗಿರಾಕಿಗಳು ಹೆಚ್ಚಾಗಿ ಬರುತ್ತಿದ್ದದ್ದು ಕೊಬ್ಬರಿ ಹರಾಜಿನ ದಿನ. ಮನೆಯ ಗಂಡಸರು ಕೊಬ್ಬರಿ ತೂಕ ಹಾಕಿಸಿ ದುಡ್ಡು ಎಣಿಸಿಕೊಂಡಿರುತ್ತಿದ್ದರು. ಆ ದುಡ್ಡು ಬಟ್ಟೆ ಅಂಗಡಿಗೋ ಸಾಲದವನಿಗೋ ಹೋಗುವ ಮುಂಚೆ ಅಜ್ಜಿಯರು ಒಂದಿಷ್ಟನ್ನು ನಮ್ಮ ಕಡೆ ತಿರುಗಿಸುತ್ತಿದ್ದರು.

ನನ್ನ ಕೆಲಸ ಗಿಲಕಿ ಆಡಿಸುವುದು. 1970ರ ದಶಕದ ಮಾತು. ಸ್ಕೂಲು ಬಿಟ್ಟವಳೇ ಸ್ಟುಡಿಯೋಗೆ ಓಡುತ್ತಿದ್ದೆ. ಚನ್ನಪಟ್ಟಣದ ಆಲೆ ಮರದ ಗಿಲಕಿ, ಅರಗಿನ ಕೆಂಪು ಹಳದಿ ಬಣ್ಣ ಬಳಿದದ್ದು. ಸುಮ್ಮನೆ ಆಡಿಸಿದರೆ ಆಗುತ್ತಿರಲಿಲ್ಲ. ಅಪ್ಪ ಫೋಕಸ್ ಮುಗಿಸಿ ಕೆಮ್ಮಬೇಕು, ಆಮೇಲೆ ಲೆನ್ಸಿನ ನೆತ್ತಿಯ ಮೇಲೆ ಒಂದೇ ಸಲ ‘ಗಿಲ್’ ಅನ್ನಿಸಬೇಕು. ಮಗು ಮೊದಲ ಸದ್ದಿಗೆ ಬೆರಗಾಗಿ ನೋಡುತ್ತದೆ, ಎರಡನೆಯದಕ್ಕೆ ಗಿಲಕಿ ಬೇಕು ಅಂತ ಕೈ ಚಾಚುತ್ತದೆ, ಮೂರನೆಯದಕ್ಕೆ ಅಳುತ್ತದೆ. ಬೆರಗಾಗಿ ನೋಡುವ ಆ ಒಂದು ಗಳಿಗೆಗೆ ಗಿರಾಕಿ ಹಣ ಕೊಡುತ್ತಿದ್ದದ್ದು. ಆದರೆ ಮಗುವಿನ ಹಿಂದೆ ಬಂದ ನೆಂಟರಿಗೆ ಇದು ತಿಳಿಯುತ್ತಿರಲಿಲ್ಲ. ಐದು ದಿಕ್ಕಿನಿಂದ ‘ಚಿನ್ನೂ, ಇಲ್ ನೋಡು’, ‘ಕಾಗೆ ಬಂತು ನೋಡು ಕಂದಾ’ ಅಂತ ಶುರು ಮಾಡುತ್ತಿದ್ದರು. ಅಪ್ಪ ಕ್ಯಾಮೆರಾದಿಂದ ತಲೆ ಎತ್ತಿ, ‘ಅವ್ವಾ, ನೀವೆಲ್ಲಾ ಹಿಂಗೆ ಕೂಗಿದ್ರೆ ಅದು ಯಾರನ್ನ ಅಂತ ನೋಡ್ಬೇಕು? ಒಬ್ರು ಕೂಗಿ, ಇಲ್ಲಾ ಯಾರೂ ಕೂಗಬೇಡಿ’ ಅನ್ನುತ್ತಿದ್ದರು.

ಮಗು ಮಲಗುತ್ತಿದ್ದದ್ದು ಒಂದು ಮೇಜಿನ ಮೇಲೆ. ಮೇಲೆ ವೆಲ್ವೆಟ್ ಬಟ್ಟೆ, ಅದರಡಿ ಎದೆಗೆ ಆನಿಕೆಯಾಗಿ ಚಿಕ್ಕ ದಿಂಬು. ಹಿಂದಿನ ಪರದೆಯಲ್ಲಿ ಕಮಾನು, ಮೆಟ್ಟಿಲು, ದೂರದಲ್ಲಿ ಹಂಸದ ಕೊಳ. ನಮ್ಮೂರಿನವರು ಯಾರೂ ಅಂಥ ಮನೆ ಕಂಡವರಲ್ಲ. ಮೈಮೇಲೆ ಉಡಿದಾರ, ಕಾಲಿಗೆ ಕಡಗ. ಕೆನ್ನೆ ಮೇಲೆ ನಾಲ್ಕಾಣೆಯಗಲದ ದೃಷ್ಟಿಬೊಟ್ಟು.

ಈ ಭಂಗಿಯನ್ನು ನಮ್ಮ ಅಪ್ಪನಾಗಲೀ ಪಕ್ಕದ ಊರಿನ ಸ್ಟುಡಿಯೋದವರಾಗಲೀ ಕಂಡುಹಿಡಿಯಲಿಲ್ಲ. ಮಗುವಿನ ಫೋಟೊ ಹೇಗಿರಬೇಕು ಅನ್ನುವುದನ್ನು ಬಹಳ ಕಾಲ ನಿರ್ಧರಿಸಿದ್ದು ಬೆಳಕು ಮತ್ತು ರಾಸಾಯನಿಕ. 1839ರಲ್ಲಿ ಪ್ಯಾರಿಸ್‌ನಲ್ಲಿ ಡಾಗೆರೋಟೈಪ್ ವಿಧಾನ ಪ್ರಕಟವಾದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಕುಡಿಸಬೇಕಿತ್ತು. ಇಂಗ್ಲೆಂಡಿನ ಫ್ರೆಡೆರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಒದ್ದೆ ಗಾಜಿನ ಪ್ಲೇಟಿನ ವಿಧಾನ ತಂದ ಮೇಲೆ ಅದು ಸೆಕೆಂಡುಗಳಿಗೆ ಇಳಿಯಿತು. ದೊಡ್ಡವರಾದರೆ ಕುತ್ತಿಗೆಯ ಹಿಂದೆ ಕಬ್ಬಿಣದ ಆನಿಕೆ ಕೊಟ್ಟು ನಿಲ್ಲಿಸುತ್ತಿದ್ದರು. ಕೂಸಿಗೆ ಏನು ಮಾಡುವುದು? ಅದನ್ನು ಅಲುಗದಂತೆ ಹಿಡಿಯಬಲ್ಲವಳು ತಾಯಿ ಒಬ್ಬಳೇ. ಆದರೆ ಫೋಟೊ ಬೇಕಿರುವುದು ಮಗುವಿನದು. ಅದಕ್ಕೆ ಯುರೋಪು ಅಮೆರಿಕದ ಸ್ಟುಡಿಯೋದವರು ತಾಯಿಯ ಮೇಲೆ ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸಿ, ಅವಳ ಮಡಿಲಲ್ಲಿ ಮಗುವನ್ನು ಕೂರಿಸಿದರು. ಕೆಲವೆಡೆ ಅವಳನ್ನು ಕುರ್ಚಿಯಂತೆ ಕಾಣಿಸಲು ಯತ್ನಿಸಿದರು. ಕೆಲವೆಡೆ ಪರದೆಯ ಹಿಂದೆ ನಿಲ್ಲಿಸಿ ಕೈ ಮಾತ್ರ ಹೊರಗೆ ಬಿಟ್ಟರು. ಉಳಿದಿದ್ದನ್ನು ಮೊಟ್ಟೆಯಾಕಾರದ ಕಾಗದದ ಚೌಕಟ್ಟು ಮುಚ್ಚುತ್ತಿತ್ತು. ಚೌಕಟ್ಟು ಬಿಚ್ಚಿದ ಅಂಥ ಚಿತ್ರಗಳನ್ನು ಈಗ ಪುಸ್ತಕಗಳಲ್ಲಿ ನೋಡಿದಾಗ ಮಗುವಿಗಿಂತ ಮುಂಚೆ ಕಣ್ಣಿಗೆ ಬೀಳುವುದು ಆ ಮುಸುಕಿನ ಹೆಂಗಸೇ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ.

ಆ ಕಾಲದಲ್ಲಿ ಅಳುವ ಮಗುವನ್ನು ಹಿಡಿಯುವುದಂತೂ ಇನ್ನೂ ಕಷ್ಟ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಆಸ್ಕರ್ ರೈಲಾಂಡರ್ ಎಂಬ ಫೋಟೊಗ್ರಾಫರ್ ಕೊಟ್ಟ ಬಾಯಿಬಿಟ್ಟು ಅಳುವ ಮಗುವಿನ ಚಿತ್ರವೊಂದಿದೆ. ಜನ ಮುಗಿಬಿದ್ದು ಅದರ ಪ್ರತಿಗಳನ್ನು ಕೊಂಡರು. ಬಹಳ ವರ್ಷಗಳ ಮೇಲೆ ವಿದ್ವಾಂಸರು ನೋಡಿ ಹೇಳಿದ್ದು, ಅದು ನೇರ ಫೋಟೊ ಅಲ್ಲ, ಫೋಟೊ ನೋಡಿ ಕೈಯಿಂದ ಬರೆದ ಚಿತ್ರವನ್ನು ಮತ್ತೆ ಫೋಟೊ ತೆಗೆದದ್ದು ಎಂದು. ರಿಟಚಿಂಗ್ ಮೇಜಿನ ಮುಂದೆ ಕೂತು ಬೆಳೆದ ನನಗೆ ಇದನ್ನು ಓದಿ ಆಶ್ಚರ್ಯವೇನೂ ಆಗಲಿಲ್ಲ.

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಲೇಪಿಸಿದ ಒಣ ಪ್ಲೇಟಿನ ದಾರಿ ತೋರಿಸಿದ. ಒಂದು ದಶಕ ಕಳೆಯುವಷ್ಟರಲ್ಲಿ ಒಳ್ಳೆಯ ಬೆಳಕಿದ್ದರೆ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಚಿತ್ರ ಮೂಡುವಂತಾಯಿತು. ತಾಯಿ ಮುಸುಕಿನಿಂದ ಹೊರಬಂದಳು, ಆದರೆ ಚೌಕಟ್ಟಿನೊಳಕ್ಕೆ ಬರಲಿಲ್ಲ. ನಮ್ಮಲ್ಲಿ ಅವಳು ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ವೆಲ್ವೆಟ್ಟಿನಡಿಯಿಂದ ಮಗುವಿನ ಪಾದ ಹಿಡಿದುಕೊಂಡಿರುತ್ತಿದ್ದಳು. ಒಮ್ಮೊಮ್ಮೆ ನೆಗೆಟಿವ್‌ನಲ್ಲಿ ಒಂದು ಬಳೆ ಇಣುಕುತ್ತಿತ್ತು, ಅಪ್ಪ ಪ್ರಿಂಟ್ ಹಾಕುವಾಗ ಅದನ್ನು ಆಚೆ ಬಿಡುತ್ತಿದ್ದರು. ಮಗುವಿನ ಫೋಟೊದ ಚರಿತ್ರೆ ಬಹುಪಾಲು ಈ ಕೈಯ ಚರಿತ್ರೆ ಎಂದು ನನಗೆ ಖಾತ್ರಿಯಾಗಿದೆ. ತಾಂತ್ರಿಕತೆ ಬದಲಾದ ಹಾಗೆಲ್ಲ ಆ ಕೈ ಜಾಗ ಬದಲಿಸಿತೇ ಹೊರತು ಕೆಲಸದಿಂದ ಬಿಡುಗಡೆ ಪಡೆಯಲಿಲ್ಲ.

‘ಒಳ್ಳೆಯ ಬೆಳಕಿದ್ದರೆ’ ಅಂದೆನಲ್ಲ, ಅದು ಸುಲಭದ ಮಾತಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ, ಮೊದಲು ಕೋಲಾರದ ಚಿನ್ನದ ಗಣಿಗೆ ಹೋಗಿ, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಅಲ್ಲಿ 1910ರಿಂದ ಹೆಸರು ಮಾಡಿದ ಜಿ.ಕೆ. ವೇಲ್‌ನಂಥ ಸ್ಟುಡಿಯೋಗಳು ಎದ್ದವು. ನಮ್ಮಂಥ ಊರಿನವರು ಬಹುಕಾಲ ಸೂರ್ಯನನ್ನೇ ನಂಬಿದ್ದರು. ನಮ್ಮ ತಾತ ಸ್ಟುಡಿಯೋ ಕಟ್ಟಿಸಿದಾಗ ಮಾಡಿನ ಉತ್ತರದ ಇಳಿಜಾರಿನಲ್ಲಿ ಮಂಗಳೂರು ಹೆಂಚಿನ ನಡುವೆ ಗಾಜಿನ ಹೆಂಚುಗಳ ಸಾಲು ಹಾಕಿಸಿದ್ದರು. ಉತ್ತರದ ಬೆಳಕಿನಲ್ಲಿ ನೇರ ಬಿಸಿಲು ಕಡಿಮೆ, ನೆರಳು ಮೆತ್ತಗೆ ಬೀಳುತ್ತದೆ, ಮಗು ಕಣ್ಣು ಕಿರಿದು ಮಾಡುವುದಿಲ್ಲ. ಕೆಳಗೆ ಬಿಳಿ ಪಂಚೆ ಹಿಡಿದರೆ ಗಲ್ಲದಡಿಯ ನೆರಳೂ ತಿಳಿಯಾಗುತ್ತದೆ. ಆಮೇಲೆ 500 ವಾಟಿನ ದೀಪಗಳು ಬಂದವು. ಅವುಗಳ ಕೆಳಗೆ ಮಕ್ಕಳು ಬೆವೆತು, ಕಾಡಿಗೆ ಇಳಿದು, ರಂಪವಾಗುತ್ತಿತ್ತು. ಕರೆಂಟು ಹೋದ ದಿನ ತಾತನ ಗಾಜಿನ ಹೆಂಚಿನ ಕೆಳಗೆ ಅಪ್ಪ ತೆಗೆದ ಮಕ್ಕಳ ಫೋಟೊಗಳೇ ಅವರ ಕೆಲಸದಲ್ಲೆಲ್ಲ ಚೆನ್ನಾಗಿವೆ. ಇದನ್ನು ಅವರು ಒಪ್ಪುತ್ತಿರಲಿಲ್ಲ, ದೀಪಕ್ಕೆ ಅಷ್ಟು ದುಡ್ಡು ಹಾಕಿದ್ದರಲ್ಲ.

ತಾತನ ಕ್ಯಾಮೆರಾ ಆಲಪ್ಪುಳದಲ್ಲಿ ತಯಾರಾದ ವಾಗೀಶ್ವರಿ. ತೇಗದ ಪೆಟ್ಟಿಗೆ, ಹಿತ್ತಾಳೆಯ ತಿರುಪು, ಕಪ್ಪು ಮುಸುಕು. ದಕ್ಷಿಣ ಭಾರತದ ಎಷ್ಟೋ ಸ್ಟುಡಿಯೋಗಳ ಹೊಟ್ಟೆಪಾಡು ಆ ಪೆಟ್ಟಿಗೆಯಿಂದ ನಡೆದಿದೆ. ಅದರ ಹಿಂಬದಿಯ ಮಸುಕು ಗಾಜಿನಲ್ಲಿ ಮಗು ತಲೆಕೆಳಗಾಗಿ ಕಾಣುತ್ತಿತ್ತು. ಫೋಕಸ್ ಮಾಡಿ, ಗಾಜು ಸರಿಸಿ, ಪ್ಲೇಟು ಸೇರಿಸುವಷ್ಟರಲ್ಲಿ ಮಗು ಎಲ್ಲಿರುತ್ತದೋ ದೇವರೇ ಬಲ್ಲ. ಕಣ್ಣಿಗೆ ಕಾಣದೆ ಊಹೆಯ ಮೇಲೆ ಶಟರಿನ ರಬ್ಬರ್ ಬಲ್ಬು ಒತ್ತಬೇಕು. ಹಳೆಯ ಪ್ಲೇಟುಗಳಿಗೆ ಇನ್ನೊಂದು ರೋಗವಿತ್ತು: ಕೆಂಪು ಬಣ್ಣಕ್ಕೆ ಅವು ಕುರುಡು, ಇನ್ನೂ ಹಳೆಯವು ಹಳದಿಗೂ ಅಷ್ಟೇ. ಅರಿಶಿನ ಹಚ್ಚಿ ಎರೆದು, ಕುಂಕುಮ ಇಟ್ಟು ಕರೆತಂದ ಕೂಸು ಫೋಟೊದಲ್ಲಿ ಒಂದು ಪಟ್ಟು ಕಪ್ಪಾಗಿ, ಹಣೆಯ ಮೇಲೆ ಮಸಿ ಬೊಟ್ಟು ಇಟ್ಟಂತೆ ಕಾಣುತ್ತಿತ್ತು. ಹಳೆಯ ಆಲ್ಬಮ್ ತೆರೆದು ‘ನಮ್ಮಜ್ಜ ಕೂಸಾಗಿದ್ದಾಗ ಇಷ್ಟು ಕಪ್ಪಗಿದ್ದನೇ’ ಎನ್ನುವವರು ಅಂದಿನ ಅರಿಶಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲರೂ ಮಕ್ಕಳ ಫೋಟೊ ತೆಗೆಸುತ್ತಿದ್ದರು ಅಂತಲ್ಲ. ಫೋಟೊ ತೆಗೆದರೆ ಆಯಸ್ಸು ಕಮ್ಮಿ ಎನ್ನುವವರು ನನ್ನ ಬಾಲ್ಯದಲ್ಲೂ ಇದ್ದರು. ಅದನ್ನು ಮೌಢ್ಯ ಅಂತ ನಗುವುದು ಸುಲಭ. ಆದರೆ 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮುಂಚೆ ತೀರಿಕೊಳ್ಳುತ್ತಿದ್ದವು. ಬೀದಿಗೊಂದು ಮನೆಯಲ್ಲಿ ಅಂಥ ಸಂಕಟ ಇದ್ದಾಗ, ಚೆಂದ ಕಂಡಿದ್ದನ್ನು ಹತ್ತು ಜನರ ಕಣ್ಣಿಗೆ ಬಿಡಲು ಯಾವ ಅಜ್ಜಿಗೆ ಧೈರ್ಯ ಬರುತ್ತದೆ? ಬೋರಲು ಬಿದ್ದ ಮೇಲೆಯೇ ಫೋಟೊ ಎಂಬ ನಿಯಮದ ಅಡಿಯಲ್ಲಿ ಇದೂ ಇತ್ತು. ಮಗು ಒಂದು ಗಂಡಾಂತರ ದಾಟಿದೆ, ಈಗ ತೋರಿಸಬಹುದು. ಬದುಕಿದ್ದಾಗ ಫೋಟೊ ತೆಗೆಸದ ಕೂಸಿಗಾಗಿ ಕತ್ತಲಲ್ಲಿ ಬಂದು ಕದ ತಟ್ಟಿದವರೂ ಉಂಟು. ಅಪ್ಪ ಕ್ಯಾಮೆರಾ ತೆಗೆದುಕೊಂಡು ಹೋಗುತ್ತಿದ್ದರು. ಅಂಥ ಫೋಟೊಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ನನ್ನನ್ನೂ ಕರೆದೊಯ್ಯುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ನಮ್ಮ ಅಟ್ಟದಲ್ಲಿರುವ ನೆಗೆಟಿವ್ ಪೆಟ್ಟಿಗೆಗಳನ್ನು ಬಿಚ್ಚಿದರೆ ಬೋರಲು ಬಿದ್ದ ಮಕ್ಕಳಲ್ಲಿ ಗಂಡೇ ಹೆಚ್ಚು, ಅದೂ ಬರಿಮೈಯಲ್ಲಿ. ಹೆಣ್ಣುಮಗುವಿಗೆ ಫ್ರಾಕು, ತಲೆಗೆ ರಿಬ್ಬನ್ನು, ವಯಸ್ಸು ಒಂದು ವರ್ಷ ದಾಟಿದ್ದು. ಮೊದಲನೆಯದು ಹೆಣ್ಣಾದರೆ ಅಕ್ಕರೆಯಿಂದ ತೆಗೆಸುತ್ತಿದ್ದವರು ಇದ್ದರು. ಎರಡನೆಯದೂ ಹೆಣ್ಣಾದರೆ ಹರಾಜಿನ ದಿನ ಊರಿಗೆ ಬಂದರೂ ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ. ಬರಿಮೈ ಫೋಟೊ ಮುಗ್ಧತೆಯ ಚಿತ್ರ ಅಂತ ಎಷ್ಟೇ ಹೇಳಿದರೂ, ಗಂಡುಮಗು ಹುಟ್ಟಿದೆ ಎಂದು ನೆಂಟರಿಗೆ ಟಪಾಲಿನಲ್ಲಿ ಕಳಿಸುವ ಸಾಕ್ಷಿಯಾಗಿಯೂ ಅದು ನಡೆಯುತ್ತಿತ್ತು. ಗಂಡುಮಕ್ಕಳಿಗೆ ಲಂಗ ಹಾಕಿ, ಜಡೆ ಕಟ್ಟಿ, ಹೂ ಮುಡಿಸಿ ತೆಗೆಸುವ ಚಪಲವೂ ಇದೇ ಮನೆಗಳಲ್ಲಿ ಇತ್ತು. ಗೋಕುಲಾಷ್ಟಮಿ ಬಂದರೆ ನವಿಲುಗರಿ ಮತ್ತು ಕೊಳಲು. ನಮ್ಮ ಸ್ಟುಡಿಯೋದ ಕೊಳಲನ್ನು ಅದೆಷ್ಟು ಕೃಷ್ಣರು ಚೀಪಿದ್ದರೋ.

ಅಪ್ಪನ ಕಾಲಕ್ಕೆ ಎರಡು ಲೆನ್ಸಿನ ಯಾಶಿಕಾ ಬಂದಿತ್ತು. ಒಂದು 120 ರೋಲಿಗೆ 12 ಚಿತ್ರ. ಫಿಲ್ಮು ಆಮದಿಗೆ ಸರ್ಕಾರದ ಕಟ್ಟುಪಾಡು ಇದ್ದ ದಿನಗಳು. ಪೂರ್ವ ಜರ್ಮನಿಯ ಓರ್ವೋ ಸಿಕ್ಕರೆ ಓರ್ವೋ, ಇಲ್ಲವೆಂದರೆ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಂಪನಿಯ ‘ಇಂದು’. 1960ರಲ್ಲಿ ಸ್ಥಾಪನೆಯಾದ ಆ ಸರ್ಕಾರಿ ಕಾರ್ಖಾನೆ 1967ರಲ್ಲಿ ಫಿಲ್ಮು ಹೊರತರತೊಡಗಿತ್ತು. ಇಷ್ಟು ಬರಗಾಲದಲ್ಲಿ ಒಂದು ಮಗುವಿಗೆ ಒಂದೇ ಚಿತ್ರ, ತೀರಾ ಕಣ್ಣು ಮುಚ್ಚಿದರೆ ಎರಡು. ರೋಲು ತುಂಬುವವರೆಗೆ ತೊಳೆಯುವಂತಿಲ್ಲ. ‘ಮುಂದಿನ ವಾರ ಬನ್ನಿ’ ಅನ್ನುತ್ತಿದ್ದದ್ದು ಅದಕ್ಕೇ, ಸೋಮಾರಿತನಕ್ಕಲ್ಲ.

ಯಾಶಿಕಾದ ಒಂದು ಗುಣವನ್ನು ಮಾತ್ರ ಈಗಿನವರು ಕಳೆದುಕೊಂಡಿದ್ದಾರೆ. ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ, ಸೊಂಟದ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಹೀಗಾಗಿ ಲೆನ್ಸು ತಾನಾಗಿ ಮೇಜಿನ ಮೇಲಿನ ಮಗುವಿನ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ತಲೆ ದಪ್ಪ, ಕಾಲು ಸಣ್ಣ ಆಗುತ್ತಿರಲಿಲ್ಲ. ಮಗು ನಮ್ಮನ್ನು ನೇರ ನೋಡುತ್ತಿತ್ತು. ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುವ ಕಾಟ ಇತ್ತು ನಿಜ, ಮಗು ಬಲಕ್ಕೆ ಸರಿದರೆ ಚಿತ್ರ ಎಡಕ್ಕೆ ಸರಿಯುತ್ತಿತ್ತು. ಅಭ್ಯಾಸವಾಗುವವರೆಗೆ ಅಪ್ಪನ ಕೈ ಕೆಳಗೆ ಕಲಿಯಲು ಬಂದ ಹುಡುಗರು ಪರದೆಯ ಹಂಸವನ್ನೇ ಹೊಡೆಯುತ್ತಿದ್ದರು.

ಫೋಟೊ ತೆಗೆದ ಮೇಲಿನ ಕೆಲಸವೇ ದೊಡ್ಡದು. ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿಯಲೆಂದು ಮೀಡಿಯಂ ಎಂಬ ದ್ರವ ಸವರಿ, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಅಪ್ಪ ಗಂಟೆಗಟ್ಟಲೆ ಚುಕ್ಕಿ ಇಡುತ್ತಿದ್ದರು. ನೆಗೆಟಿವ್‌ನಲ್ಲಿ ಪೆನ್ಸಿಲ್ ಬಿದ್ದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಬೆವರುಸಾಲೆ, ಸೊಳ್ಳೆ ಕಚ್ಚಿದ ಗುರುತು ಎಲ್ಲ ಮಾಯ. ದೃಷ್ಟಿಬೊಟ್ಟಿನ ವಿಷಯದಲ್ಲಿ ಮಾತ್ರ ಕೇಳಿ ಮುಟ್ಟಬೇಕಿತ್ತು. ತೆಗೆದರೆ ಅಜ್ಜಿ ಬೈಯುತ್ತಾಳೆ, ಬಿಟ್ಟರೆ ಮಗುವಿನ ಅಪ್ಪ ‘ಏನ್ ಸ್ವಾಮಿ, ಇಷ್ಟು ದೊಡ್ಡ ಮಚ್ಚೆ ಉಳಿಸಿದ್ದೀರಲ್ಲ’ ಅನ್ನುತ್ತಾನೆ. ಜಗಳವಾಡದೆ ಬೊಟ್ಟನ್ನು ಅರ್ಧಕ್ಕೆ ಇಳಿಸುವುದು ಅಪ್ಪ ಕಂಡುಕೊಂಡ ರಾಜಿ. ಮಗು ಬೆಳ್ಳಗೆ ಕಾಣಲಿ ಎಂದು ಮುಖಕ್ಕೆ ಬಳಿದು ತಂದ ಪೌಡರು ಮಾತ್ರ ಅವರಿಗೆ ಆಗದು. ಕಪ್ಪು-ಬಿಳುಪಿನಲ್ಲಿ ಅದು ಬೂದಿ ಮೆತ್ತಿದಂತೆ ಬರುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು ನನ್ನ ಇನ್ನೊಂದು ಕೆಲಸ.

ತಾಯಂದಿರ ಮನಸ್ಸಿನಲ್ಲಿದ್ದ ಮಗು ಯಾವುದು ಅಂತ ನಮಗೆ ಗೊತ್ತಿತ್ತು. ಗ್ಲಾಕ್ಸೋ ಡಬ್ಬಿಯ ಮಗು, ಇಲ್ಲವೇ ಮರ್ಫಿ ರೇಡಿಯೋ ಕ್ಯಾಲೆಂಡರಿನ, ತುಟಿಗೆ ಬೆರಳಿಟ್ಟ ಮಗು. ಆ ಮಗುವಿನ ಹಾಗೆ ಬೆರಳಿಡಿಸಿ ಅಂತ ಕೇಳುವವರು ಎಷ್ಟೋ ಮಂದಿ. ಬೆರಳು ಬಾಯೊಳಗೆ ಹೋದರೆ ತುಟಿಯ ಮೇಲೆ ಎಲ್ಲಿ ನಿಲ್ಲುತ್ತದೆ?

ಇಷ್ಟೆಲ್ಲ ಮೇಜು, ಪರದೆ, ದೀಪ ಬಿಟ್ಟು ಮಕ್ಕಳನ್ನು ಅವರಿದ್ದಲ್ಲೇ ಹಿಡಿದವರು ಮೈಸೂರಿನ ಟಿ.ಎಸ್. ಸತ್ಯನ್. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಯುನಿಸೆಫ್ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಏರ್ಪಡಿಸಿತು. ನಾನು ಅವರ ಚಿತ್ರಗಳನ್ನು ಪುಸ್ತಕದಲ್ಲಿ ನೋಡಿದ್ದು ಆಮೇಲೆ, ಮದುವೆಯಾಗಿ ತುಮಕೂರಿಗೆ ಹೋದ ಮೇಲೆ. ಆ ಚಿತ್ರಗಳಲ್ಲಿ ಮಕ್ಕಳು ಕ್ಯಾಮೆರಾವನ್ನು ನೋಡುವುದೇ ಬೇಕಿಲ್ಲ. ತಾವೇನೋ ಮಾಡಿಕೊಳ್ಳುತ್ತಿರುತ್ತವೆ. ಹಾಗಾದರೆ ಗಿಲಕಿ ಆಡಿಸಿ ನಾವು ಎಷ್ಟು ಮಕ್ಕಳ ಕೆಲಸ ಕೆಡಿಸಿದೆವೋ ಅನ್ನಿಸಿತು. ಅಪ್ಪನಿಗೆ ಪುಸ್ತಕ ತೋರಿಸಿದರೆ, ‘ಚೆನ್ನಾಗೇನೋ ಇದೆ, ಆದ್ರೆ ಗಿರಾಕಿ ಕಾಸು ಕೊಡಲ್ಲ ಕಣಮ್ಮ’ ಅಂದರು. ಅವರು ಹೇಳಿದ್ದೂ ಸುಳ್ಳಲ್ಲ.

ಎಂಬತ್ತರ ದಶಕದಲ್ಲಿ ಬಣ್ಣ ಬಂತು. ನಮ್ಮ ಡಾರ್ಕ್ ರೂಮಿನಲ್ಲಿ ಆಗುವ ಕೆಲಸವಲ್ಲ ಅದು. ರೋಲುಗಳನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಲ್ಯಾಬಿಗೆ ಕಳಿಸುತ್ತಿದ್ದರು, ಅಲ್ಲಿಂದ ಮಕ್ಕಳೆಲ್ಲ ಒಂದೇ ಗುಲಾಬಿ ಬಣ್ಣಕ್ಕೆ ತಿರುಗಿ ಬರುತ್ತಿದ್ದವು. ಮನೆಮನೆಗೆ ಮೊದಲು ಆಗ್ಫಾ ಕ್ಲಿಕ್, ಆಮೇಲೆ ಹಾಟ್‌ಶಾಟ್ ಕ್ಯಾಮೆರಾ ಬಂದದ್ದರಿಂದ ಫೋಟೊ ತೆಗೆಯುವುದು ಮಾವಂದಿರ ಕೆಲಸವಾಯಿತು. ಮಾವ ಫ್ಲ್ಯಾಶ್ ಹೊಡೆದ, ಕಣ್ಣೆಲ್ಲ ಕೆಂಪಾಯಿತು, ಗೋಡೆಯ ಮೇಲೆ ಕರೀ ನೆರಳು ಬಿತ್ತು. ಆ ಇಪ್ಪತ್ತು ವರ್ಷದ ಮಕ್ಕಳ ಫೋಟೊಗಳ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ.

ಈಗ ಬೆಂಗಳೂರಿನಲ್ಲಿ ಹುಟ್ಟಿ ಎರಡು ವಾರವೂ ಆಗದ ಕೂಸನ್ನು ಸ್ಟುಡಿಯೋಗೆ ಒಯ್ಯುತ್ತಾರೆ, ಅಥವಾ ಸ್ಟುಡಿಯೋದವರೇ ಹೀಟರು, ಬುಟ್ಟಿ, ಉಣ್ಣೆ ಟೋಪಿ ಹೊತ್ತು ಮನೆಗೆ ಬರುತ್ತಾರೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಫೋಟೊಗ್ರಾಫರ್ ಆ್ಯನ್ ಗೆಡ್ಡೆಸ್ 1996ರಲ್ಲಿ ಹೂವು ಹಣ್ಣು ತರಕಾರಿಗಳ ವೇಷದಲ್ಲಿ ಕೂಸುಗಳನ್ನು ತೋರಿಸಿದ ಪುಸ್ತಕ ತಂದ ಮೇಲೆ ಆ ಗಾಳಿ ಎಲ್ಲ ಕಡೆ ಬೀಸಿತು. ಬಾಣಂತಿ ಕೋಣೆಯ ಕತ್ತಲು, ಧೂಪ, ಕಿವಿಗೆ ಕಟ್ಟಿದ ಬಟ್ಟೆ ಎಲ್ಲ ಬಲ್ಲ ನನ್ನಂಥವರಿಗೆ ಮೊದಲು ಕಸಿವಿಸಿಯಾಯಿತು. ಅಂಗೈಗಳ ಮೇಲೆ ಗಲ್ಲ ಊರಿ ನಿದ್ದೆ ಮಾಡುವ ಎಳೆಗೂಸಿನ ಫೋಟೊ ನೋಡಿರುತ್ತೀರಿ. ಅಷ್ಟು ಎಳೆಯ ಕುತ್ತಿಗೆ ಹಾಗೆ ನಿಲ್ಲುವುದಿಲ್ಲ. ಬಲ್ಲವರು ಅದನ್ನು ಎರಡು ಚಿತ್ರ ಸೇರಿಸಿ ಮಾಡುತ್ತಾರೆ: ಒಂದರಲ್ಲಿ ತಲೆಯನ್ನೂ ಇನ್ನೊಂದರಲ್ಲಿ ಮಣಿಕಟ್ಟನ್ನೂ ಯಾರಾದರೂ ಹಿಡಿದಿರುತ್ತಾರೆ, ಆಮೇಲೆ ಕಂಪ್ಯೂಟರಿನಲ್ಲಿ ಕೈಗಳನ್ನು ಅಳಿಸುತ್ತಾರೆ. ಈ ಗುಟ್ಟು ತಿಳಿಯದೆ ಮನೆಯಲ್ಲಿ ಹಾಗೆ ಕೂರಿಸಲು ಹೋಗುವವರನ್ನು ಕಂಡರೆ ನನಗೆ ಭಯ.

ನಮ್ಮ ಸ್ಟುಡಿಯೋವನ್ನು ಈಗ ತಮ್ಮ ನಡೆಸುತ್ತಾನೆ. ಬೋರಲು ಬಿದ್ದ ಮಕ್ಕಳು ಬರುವುದಿಲ್ಲ, ಪಾಸ್‌ಪೋರ್ಟಿನ ಮಕ್ಕಳು ಬರುತ್ತವೆ. ಅಮೆರಿಕದಲ್ಲೋ ದುಬೈನಲ್ಲೋ ಕೆಲಸದಲ್ಲಿರುವ ಅಪ್ಪನ ಹತ್ತಿರ ಹೋಗಬೇಕಾದ, ಹೆರಿಗೆಗೆ ತವರಿಗೆ ಬಂದವರ ಮಕ್ಕಳು. ಪಾಸ್‌ಪೋರ್ಟ್ ಫೋಟೊದಲ್ಲಿ ಹಿಂದೆ ಬಿಳಿ ಇರಬೇಕು, ಕಣ್ಣು ತೆರೆದಿರಬೇಕು, ಮಗು ಬಿಟ್ಟು ಇನ್ನೊಬ್ಬರ ಕೈಬೆರಳೂ ಕಾಣಬಾರದು. ಕೂರಲು ಬಾರದ ಕೂಸನ್ನು ಇಷ್ಟು ನಿಯಮಕ್ಕೆ ಒಗ್ಗಿಸಲು ತಮ್ಮ ಮಾಡುವುದೇನು? ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಯ ಮೇಲಿಂದ ಬಿಳಿ ಪಂಚೆ ಇಳಿಬಿಟ್ಟು, ಮಡಿಲಲ್ಲಿ ಮಗುವನ್ನು ಇಡುತ್ತಾನೆ. ಅವನು ವಿಕ್ಟೋರಿಯಾ ಕಾಲದ ಆ ಮುಸುಕಿನ ತಾಯಂದಿರ ಫೋಟೊಗಳನ್ನು ನೋಡಿದವನಲ್ಲ.

ಉಳಿದ ಫೋಟೊಗಳೆಲ್ಲ ಫೋನಿನಲ್ಲಿ. ತಿಂಗಳಿಗೊಮ್ಮೆ ಹಾಸಿಗೆ ಮೇಲೆ ಹೂವಿನಲ್ಲೋ ಬೇಳೆಯಲ್ಲೋ ಅಂಕಿ ಬರೆದು ಪಕ್ಕದಲ್ಲಿ ಮಗು ಮಲಗಿಸುತ್ತಾರೆ, ಮಂಚದ ಮೇಲೆ ನಿಂತು ತೆಗೆಯುತ್ತಾರೆ. ಇಷ್ಟು ಕಾಲ ಮಗುವನ್ನು ಹಿಡಿದಿದ್ದ ಕೈ ಈಗ ಫೋನು ಹಿಡಿದಿದೆ. ಹಾಗಾಗಿ ಸಾವಿರ ಚಿತ್ರಗಳಲ್ಲಿ ತಾಯಿ ಈಗಲೂ ಇಲ್ಲ. ತಮ್ಮನ ಮಗಳು ತನ್ನ ಮಗುವಿನ ಚಿತ್ರ ಕಳಿಸಿದಾಗೆಲ್ಲ ನಾನು ಹಳೇ ಪುರಾಣ ಒದರುತ್ತೇನೆ. ಫ್ಲ್ಯಾಶ್ ಆರಿಸು, ಬೆಳಿಗ್ಗೆ ಎಣ್ಣೆ ನೀರಾಗಿ ಹಾಲು ಕುಡಿದು ಎಚ್ಚರವಾಗಿರುವ ಹೊತ್ತಿಗೆ ಕಿಟಕಿ ಪಕ್ಕ ಮಲಗಿಸು, ಮಗುವಿನ ಎತ್ತರಕ್ಕೆ ನೀನು ಇಳಿ, ಗಂಡನ ಕೈಗೂ ಒಂದಿಷ್ಟು ಹೊತ್ತು ಫೋನು ಕೊಡು. ಅವಳು ನೆಲಕ್ಕೆ ಇಳಿದಳು. ಇಳಿದ ಕೂಡಲೇ ಮಗು ಅಂಬೆಗಾಲಿಕ್ಕಿಕೊಂಡು ಬಂದು ಫೋನನ್ನೇ ನೆಕ್ಕಿತು. ನಮ್ಮ ಕಾಲದ ಮಕ್ಕಳಿಗೆ ಕ್ಯಾಮೆರಾ ಬೇಕಿರಲಿಲ್ಲ, ಗಿಲಕಿ ಬೇಕಿತ್ತು. ಇವಕ್ಕೆ ಕ್ಯಾಮೆರಾವೇ ಗಿಲಕಿ. ಅದಕ್ಕೆ ಕೆಟ್ಟುಹೋದ ಹಳೇ ಫೋನೊಂದನ್ನು ಮೊದಲೇ ಅದರ ಕೈಗೆ ಕೊಟ್ಟು ಕೂರಿಸು ಅಂತ ಹೇಳಿದ್ದೇನೆ.